ನೆಲ ಬಿಡದೆ ಹಾರಲು ಕಲಿಸಿದ ನೀಲಿ ಪೆಟ್ಟಿಗೆ

ನೀರಿಗಿಳಿಯದೆ ಈಜು ಬಾರದು ಎಂಬುದು ಹಿರಿಯರ ಮಾತು. ವ್ಯಾಪಾರಕ್ಕೂ ಈ ಮಾತನ್ನು ಅನ್ವಯಿಸುವವರಿದ್ದಾರೆ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ನಾಲ್ಕು ಬಾರಿ ನಷ್ಟ ಅನುಭವಿಸದವನು ಪೂರ್ಣ ವರ್ತಕನಾಗಲಾರನೆಂದು ಅವರು ವಾದಿಸುತ್ತಾರೆ. ಆದರೆ ನಷ್ಟವೆಂಬುದು ಹಣದ ರೂಪದಲ್ಲಿ ಬಾರದೆ ಪ್ರಾಣದ ರೂಪದಲ್ಲಿಯೇ ಬರುವ ಉದ್ಯೋಗಗಳಲ್ಲಿ ಈ ಸೂತ್ರ ನಡೆಯುವುದು ಹೇಗೆ? ವಿಮಾನ ಚಾಲನೆ ಅಂತಹ ಉದ್ಯೋಗಗಳಲ್ಲಿ ಒಂದು. ಅಲ್ಲಿ ಶಿಕ್ಷಾರ್ಥಿಗೆ ತಪ್ಪು ಮಾಡುವ ಅವಕಾಶವೂ ಬೇಕು, ಆ ತಪ್ಪಿಗೆ ಬೆಲೆ ತೆರುವ ಪ್ರಸಂಗವೂ ಬರಬಾರದು. ಈ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದವರು ಯಾವುದೋ ವಿಶ್ವವಿದ್ಯಾಲಯದ ವಿಜ್ಞಾನಿಯಲ್ಲ. ಮುಳುಗುತ್ತಿದ್ದ ಒಂದು ವಾದ್ಯ ತಯಾರಿಕಾ ಕಾರ್ಖಾನೆಯ ಮಾಲೀಕರ ಮಗ. ಇಂದು ಬೆಂಗಳೂರಿನಲ್ಲಿ ಫ್ಲೈಟ್ ಸಿಮ್ಯುಲೇಟರ್ ಏರಿ ಕುಳಿತುಕೊಳ್ಳುವ ತರಬೇತಿ ಪೈಲಟ್‌ನ ಪ್ರಗತಿಯ ಕಥೆ ಆರಂಭವಾಗುವುದು ಆ ಕಾರ್ಖಾನೆಯ ನೆಲಮಾಳಿಗೆಯಲ್ಲಿ.

ವಾದ್ಯದ ಕಾರ್ಖಾನೆ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್ ಒಂದು ಕೈಗಾರಿಕಾ ಪಟ್ಟಣ. ಎಡ್ವಿನ್ ಲಿಂಕ್ ಎಂಬ ಉದ್ಯಮಿ 1910ರ ಸುಮಾರಿಗೆ ಅಲ್ಲಿ ದಿವಾಳಿಯೆದ್ದಿದ್ದ ಸ್ವಯಂಚಾಲಿತ ವಾದ್ಯಗಳ ಕಂಪನಿಯೊಂದನ್ನು ವಹಿಸಿಕೊಂಡರು. ಮುಂದೆ ಅದು ಲಿಂಕ್ ಪಿಯಾನೊ ಮತ್ತು ಆರ್ಗನ್ ಕಂಪನಿ ಎನಿಸಿತು. ನಾಣ್ಯ ಹಾಕಿದರೆ ತಾನೇ ನುಡಿಯುವ ಪಿಯಾನೊಗಳು ಮತ್ತು ಮೂಕಿಚಿತ್ರಗಳ ಕಾಲದ ಚಿತ್ರಮಂದಿರಗಳಿಗೆ ಬೇಕಾದ ದೊಡ್ಡ ಆರ್ಗನ್‌ಗಳು ಇಲ್ಲಿ ತಯಾರಾಗುತ್ತಿದ್ದವು. ಹಾರ್ಮೋನಿಯಂ ಬಲ್ಲವರಿಗೆ ಇವುಗಳ ತತ್ವ ಹೊಸದೇನಲ್ಲ. ತಿದಿ, ಗಾಳಿ, ಕವಾಟ ಇವೇ ಇವುಗಳ ಜೀವಾಳ. ರಂಧ್ರಗಳಿರುವ ಕಾಗದದ ಸುರುಳಿ ಸರಿದಂತೆ ಗಾಳಿಯ ದಾರಿ ತೆರೆದು ಮುಚ್ಚಿ, ಆಯಾ ಸ್ವರ ತಾನಾಗಿಯೇ ಹೊರಡುತ್ತಿತ್ತು.

ಮಾಲೀಕರ ಕಿರಿಯ ಮಗನ ಹೆಸರೂ ಎಡ್ವಿನ್ ಲಿಂಕ್. 1904ರಲ್ಲಿ ಜನಿಸಿದ ಇವರು ಶಾಲೆಯ ಪಾಠಕ್ಕಿಂತ ಕಾರ್ಖಾನೆಯ ಕೆಲಸದಲ್ಲಿಯೇ ಹೆಚ್ಚು ಕಲಿತವರು. ಆರ್ಗನ್‌ಗಳ ದುರಸ್ತಿ ಹಾಗೂ ಜೋಡಣೆಯಲ್ಲಿ ನುರಿತಿದ್ದ ಈ ಯುವಕನಿಗೆ ವಿಮಾನದ ಹುಚ್ಚು ಹಿಡಿದುದು 1920ರಲ್ಲಿ. ಆ ವರ್ಷ ಕ್ಯಾಲಿಫೋರ್ನಿಯಾದಲ್ಲಿದ್ದಾಗ, ಚಾರ್ಲಿ ಚಾಪ್ಲಿನ್‌ರ ಸೋದರ ಸಿಡ್ನಿ ಚಾಪ್ಲಿನ್ ಅವರ ವಿಮಾನ ಸಂಸ್ಥೆಯಲ್ಲಿ 50 ಡಾಲರ್ ತೆತ್ತು ಮೊದಲ ಪಾಠಕ್ಕೆ ಕುಳಿತರು. ಫೋರ್ಡ್ ಕಂಪನಿ 1914ರಲ್ಲಿ ಘೋಷಿಸಿ ಲೋಕಪ್ರಸಿದ್ಧವಾದ ದಿನಗೂಲಿ 5 ಡಾಲರ್ ಆಗಿತ್ತೆಂಬುದನ್ನು ನೆನೆದರೆ, ಈ ಒಂದು ಪಾಠದ ಬೆಲೆ ಹತ್ತು ದಿನಗಳ ಉತ್ತಮ ಕೂಲಿಗೆ ಸಮ. ಇಷ್ಟು ತೆತ್ತ ವಿದ್ಯಾರ್ಥಿಗೆ ದೊರೆತುದು ಆಕಾಶದಲ್ಲಿ ಲಾಗ ಹಾಕುವ ಸವಾರಿ ಮಾತ್ರ. ಪಾಠದ ಉದ್ದಕ್ಕೂ ಒಮ್ಮೆಯಾದರೂ ಚಾಲನಾ ದಂಡವನ್ನು ಮುಟ್ಟಲು ಬಿಡಲಿಲ್ಲ. ಬೋಧಕನನ್ನು ದೂರುವಂತೆಯೂ ಇರಲಿಲ್ಲ. ಹೊಸಬನ ಕೈಗೆ ದಂಡ ಕೊಟ್ಟು ವಿಮಾನವನ್ನೂ ಜೀವವನ್ನೂ ಕಳೆದುಕೊಳ್ಳಲು ಯಾರು ತಾನೆ ಸಿದ್ಧರಿದ್ದರು? ಕಲಿಕೆಗೆ ಹಣ ತೆತ್ತವನಿಗೆ ಕಲಿಕೆಯೇ ದೊರೆಯದಂತಹ ವ್ಯವಹಾರದಲ್ಲಿ ಏನೋ ಮೂಲಭೂತವಾದ ದೋಷವಿದೆ ಎಂಬುದು ಮಾತ್ರ ಆ ಹುಡುಗನ ಮನಸ್ಸಿನಲ್ಲಿ ಉಳಿಯಿತು.

1927ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ವಾಕ್ಚಿತ್ರ ಬಂದಿತು. ಪರದೆಯೇ ಮಾತನಾಡಿ ಹಾಡತೊಡಗಿದ ಮೇಲೆ ಚಿತ್ರಮಂದಿರಕ್ಕೆ ಆರ್ಗನ್ ಏತಕ್ಕೆ? ಕಾರ್ಖಾನೆಯ ಮುಖ್ಯ ಗ್ರಾಹಕ ವರ್ಗವೇ ಕೆಲವೇ ವರ್ಷಗಳಲ್ಲಿ ಕರಗಿ ಹೋಯಿತು. ಕಿರಿಯ ಲಿಂಕ್ ನೆಲಮಾಳಿಗೆಯಲ್ಲಿ ತಮ್ಮ ಯಂತ್ರವನ್ನು ಕಟ್ಟುತ್ತಿದ್ದುದು ಇದೇ ಅವಧಿಯಲ್ಲಿ. ಸುಮಾರು 18 ತಿಂಗಳು ಹಿಡಿದ ಈ ಕೆಲಸಕ್ಕೆ ಹೊರಗಿನಿಂದ ತಂದ ಸಾಮಗ್ರಿ ಕಡಿಮೆ. ಮರದ ಸಣ್ಣ ವಿಮಾನದಂತಹ ಒಂದು ಪೆಟ್ಟಿಗೆ. ಅದರ ಕೆಳಗೆ ಆರ್ಗನ್‌ನ ತಿದಿಗಳು. ಅವುಗಳಿಂದ ಗಾಳಿ ಹೀರುವ ವಿದ್ಯುತ್ ಪಂಪು. ಶಿಕ್ಷಾರ್ಥಿ ದಂಡವನ್ನು ಎಡಕ್ಕೆ ಬಾಗಿಸಿದರೆ ಕವಾಟ ತೆರೆದು ಆ ಬದಿಯ ತಿದಿ ಕುಗ್ಗುತ್ತಿತ್ತು, ಇನ್ನೊಂದು ಬದಿಯದು ಉಬ್ಬುತ್ತಿತ್ತು, ಪೆಟ್ಟಿಗೆ ಎಡಕ್ಕೆ ವಾಲುತ್ತಿತ್ತು. ಬೆರಳು ಒತ್ತಿದರೆ ಸ್ವರ ಹೊರಡಿಸುತ್ತಿದ್ದ ವಿದ್ಯೆಯೇ ಇಲ್ಲಿ ದಂಡ ಸರಿಸಿದರೆ ಹಾರಾಟದ ಅನುಭವ ಕೊಡುವ ವಿದ್ಯೆಯಾಯಿತು. 1929ರಲ್ಲಿ ಪೇಟೆಂಟ್‌ಗೆ ಅರ್ಜಿ ಸಲ್ಲಿಸಲಾಯಿತು. 1931ರಲ್ಲಿ ಪೇಟೆಂಟ್ ದೊರೆಯಿತು.

ಯಂತ್ರದ ಮೊದಲ ಶಿಕ್ಷಾರ್ಥಿ ಲಿಂಕ್‌ರ ಸೋದರ ಜಾರ್ಜ್. ಪೆಟ್ಟಿಗೆಯಲ್ಲಿ ಆರು ಗಂಟೆ, ನಿಜವಾದ ವಿಮಾನದಲ್ಲಿ ಬೋಧಕರೊಂದಿಗೆ ಕೇವಲ 42 ನಿಮಿಷ. ಇಷ್ಟು ಅಭ್ಯಾಸದ ನಂತರ ಜಾರ್ಜ್ ಒಬ್ಬರೇ ವಿಮಾನವನ್ನು ಏರಿಸಿ ಇಳಿಸಿದರು. ಈ ಫಲಿತಾಂಶವನ್ನು ನೆಚ್ಚಿ ಲಿಂಕ್ ಒಂದು ಹಾರಾಟ ಶಾಲೆಯನ್ನೇ ತೆರೆದು, 85 ಡಾಲರ್‌ಗೆ ವಿಮಾನ ಕಲಿಸುವುದಾಗಿ ಪ್ರಚಾರ ಮಾಡಿದರು. ಹತ್ತು ವರ್ಷಗಳ ಹಿಂದೆ ದಂಡ ಮುಟ್ಟದೆ ಕುಳಿತ ಒಂದು ಪಾಠಕ್ಕೆ ಅವರು ತಾವೇ ತೆತ್ತಿದ್ದ 50 ಡಾಲರ್‌ನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಆದರೂ ಯಂತ್ರ ಮಾರಾಟವಾಗಲಿಲ್ಲ. ಆಟಿಕೆಯಿಂದ ವಿಮಾನ ಕಲಿಯುವುದುಂಟೆ ಎಂದು ಹಾರಾಟ ಶಾಲೆಗಳು ಮುಖ ತಿರುಗಿಸಿದವು. ಆಸಕ್ತಿ ತೋರಿದವರು ಮನರಂಜನಾ ಉದ್ಯಾನಗಳ ಮಾಲೀಕರು. ನಾಣ್ಯ ಹಾಕಿ ಮೋಜು ಪಡೆಯುವ ಜಾತ್ರೆಯ ತೊಟ್ಟಿಲಿನಂತೆ ಅವರು ಅದನ್ನು ನಿಲ್ಲಿಸಿದರು. ಅಷ್ಟರಲ್ಲಿ 1929ರ ಮಹಾ ಆರ್ಥಿಕ ಕುಸಿತವೂ ಬಂದೆರಗಿತು. ಲಿಂಕ್ ಹೊಟ್ಟೆಪಾಡಿಗಾಗಿ ವಿಮಾನದ ರೆಕ್ಕೆಯ ಕೆಳಗೆ ವಿದ್ಯುದ್ದೀಪಗಳ ಜಾಹೀರಾತು ಫಲಕ ಕಟ್ಟಿ ರಾತ್ರಿ ಹೊತ್ತು ಪಟ್ಟಣಗಳ ಮೇಲೆ ಹಾರಾಡಿದರು. ಅಕ್ಷರಗಳನ್ನು ಬೆಳಗಿಸಿ ಆರಿಸುತ್ತಿದ್ದುದೂ ಪಿಯಾನೊದ ಅದೇ ರಂಧ್ರ ಸುರುಳಿಯ ತಂತ್ರ. ಮೊದಲ ನಾಲ್ಕಾರು ವರ್ಷಗಳ ಮಾರಾಟದ ಅಂಕಿಗಳನ್ನಷ್ಟೇ ನೋಡಿ ಆಯವ್ಯಯ ಪಟ್ಟಿ ತಯಾರಿಸುವ ಯಾವ ಲೆಕ್ಕಿಗನೂ ಈ ಪೇಟೆಂಟ್‌ನ್ನು ಪುಸ್ತಕದಿಂದ ತೊಡೆದುಹಾಕಲು ಸಲಹೆ ನೀಡುತ್ತಿದ್ದನು. ಆ ಸಲಹೆ ಲೆಕ್ಕದ ನಿಯಮಕ್ಕೆ ಸರಿಯಾಗಿಯೂ ಇರುತ್ತಿತ್ತು.

ಕಿವಿ ಹೇಳುವ ಸುಳ್ಳು

ಪೆಟ್ಟಿಗೆಯ ನಿಜವಾದ ಉಪಯೋಗ ಬೇರೆಡೆಯಿತ್ತು. ಮೋಡದೊಳಗೆ ನುಗ್ಗಿದ ಪೈಲಟ್‌ಗೆ ದಿಗಂತ ಕಾಣುವುದಿಲ್ಲ. ಆಗ ದೇಹದ ಸಮತೋಲನವನ್ನು ತಿಳಿಸುವುದು ಒಳಗಿವಿಯಲ್ಲಿರುವ ದ್ರವ. ಆದರೆ ಆ ದ್ರವ ಒಂದೇ ಸಮನಾದ ತಿರುವನ್ನು ಕೆಲವೇ ಕ್ಷಣಗಳ ನಂತರ ಗುರುತಿಸುವುದನ್ನು ನಿಲ್ಲಿಸುತ್ತದೆ. ವಿಮಾನ ವಾಲಿ ಸುತ್ತುತ್ತಿದ್ದರೂ ತಾನು ನೇರವಾಗಿ ಹೋಗುತ್ತಿದ್ದೇನೆಂದೇ ಪೈಲಟ್ ನಂಬುತ್ತಾನೆ. ಸರಿಪಡಿಸಲು ಹೊರಟರೆ ವಿರುದ್ಧ ದಿಕ್ಕಿಗೆ ವಾಲಿದಂತೆ ಭಾಸವಾಗಿ ಮತ್ತೆ ಮೊದಲ ತಪ್ಪಿಗೇ ಮರಳುತ್ತಾನೆ. ಇದರಿಂದ ಪಾರಾಗಲು ಇರುವುದೊಂದೇ ದಾರಿ: ದೇಹ ಹೇಳುವುದನ್ನು ನಂಬದೆ ಮುಂದಿನ ಫಲಕದ ಮಾಪಕಗಳನ್ನು ನಂಬುವುದು. ಇದನ್ನು ಮಾತಿನಲ್ಲಿ ಹೇಳುವುದು ಸುಲಭ. ರೂಢಿಸಿಕೊಳ್ಳಲು ಹತ್ತಾರು ಗಂಟೆಗಳ ಅಭ್ಯಾಸ ಬೇಕು. ಲಿಂಕ್ ತಮ್ಮ ಪೆಟ್ಟಿಗೆಗೆ ಮಾಪಕಗಳನ್ನು ಅಳವಡಿಸಿ, ಮೇಲೆ ಮುಚ್ಚಳ ಹಾಕಿ, ಈ ಕುರುಡು ಹಾರಾಟದ ಪಾಠಕ್ಕೆ ಅಣಿಗೊಳಿಸಿದರು.

ಗ್ರಾಹಕರನ್ನು ತಂದುದು ಒಂದು ದುರಂತ. ವಿಮಾನ ಅಂಚೆಯ ಗುತ್ತಿಗೆಗಳನ್ನು ನೀಡುವಲ್ಲಿ ಕೆಲವೇ ಕಂಪನಿಗಳ ಒಳಒಪ್ಪಂದ ನಡೆದಿದೆಯೆಂಬ ಆರೋಪದ ಮೇಲೆ ಅಧ್ಯಕ್ಷ ರೂಸ್‌ವೆಲ್ಟ್ 1934ರ ಫೆಬ್ರವರಿಯಲ್ಲಿ ಎಲ್ಲ ಗುತ್ತಿಗೆಗಳನ್ನೂ ರದ್ದುಗೊಳಿಸಿ, ಅಂಚೆ ಸಾಗಿಸುವ ಕೆಲಸವನ್ನು ಸೇನೆಯ ವಾಯುದಳಕ್ಕೆ ಒಪ್ಪಿಸಿದರು. ಸೇನೆಯ ಪೈಲಟ್‌ಗಳು ಹಗಲಿನಲ್ಲಿ, ಸ್ವಚ್ಛ ಆಕಾಶದಲ್ಲಿ ಹಾರಿ ಅಭ್ಯಾಸವಿದ್ದವರು. ಚಳಿಗಾಲದ ರಾತ್ರಿ, ಹಿಮ, ಮಂಜು ಅವರಿಗೆ ಹೊಸತು. ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಯುವ ವೈಮಾನಿಕರು ಪ್ರಾಣ ತೆತ್ತರು. ದೇಶದಲ್ಲಿ ಕೋಲಾಹಲವೆದ್ದಿತು.

ಲಿಂಕ್‌ರ ಯಂತ್ರವನ್ನು ಮಾರಿಕೊಡಲು ಯತ್ನಿಸುತ್ತಿದ್ದ ಹಿರಿಯ ವೈಮಾನಿಕ ಕೇಸಿ ಜೋನ್ಸ್ ಈ ಸಂದರ್ಭದಲ್ಲಿ ಸೇನಾಧಿಕಾರಿಗಳೊಂದಿಗೆ ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ಒಂದು ಭೇಟಿಯನ್ನು ಏರ್ಪಡಿಸಿದ್ದರು. ಆ ದಿನ ಮಂಜು ದಟ್ಟವಾಗಿ ಕವಿದಿತ್ತು. ಇಂತಹ ಹವೆಯಲ್ಲಿ ಯಾರೂ ಹಾರಿ ಬರುವುದಿಲ್ಲವೆಂದು ಅಧಿಕಾರಿಗಳು ಹೊರಡಲು ಅಣಿಯಾಗುತ್ತಿದ್ದಾಗ, ಬಿಂಗ್‌ಹ್ಯಾಮ್‌ಟನ್‌ನಿಂದ ಮಾಪಕಗಳನ್ನಷ್ಟೇ ನಂಬಿ ಹಾರಿ ಬಂದ ಲಿಂಕ್ ಮಂಜಿನೊಳಗಿಂದ ಇಳಿದರು. ಸರಕಿನ ಮಾದರಿ ತೋರಿಸಲು ಹೋದ ವ್ಯಾಪಾರಿಗೆ ಇದಕ್ಕಿಂತ ಉತ್ತಮ ಪ್ರಾತ್ಯಕ್ಷಿಕೆ ಸಾಧ್ಯವಿರಲಿಲ್ಲ. 1934ರ ಜೂನ್‌ನಲ್ಲಿ ಸೇನೆ ತಲಾ 3,500 ಡಾಲರ್‌ನಂತೆ ಆರು ಯಂತ್ರಗಳನ್ನು ಕೊಂಡಿತು. ಒಟ್ಟು 21,000 ಡಾಲರ್. ಒಂದು ಹೊಸ ಉದ್ಯಮದ ಅಡಿಗಲ್ಲು ಇಷ್ಟೇ.

ಶಾಯಿ ಹಚ್ಚಿದ ಏಡಿ

ಈ ಯಂತ್ರದಲ್ಲಿ ಶಿಕ್ಷಾರ್ಥಿಯ ಪ್ರಗತಿಯನ್ನು ಅಳೆಯುತ್ತಿದ್ದ ಬಗೆ ಲೆಕ್ಕಪತ್ರ ಬಲ್ಲವರಿಗೆ ವಿಶೇಷವಾಗಿ ರುಚಿಸುವಂತಹುದು. ಪೆಟ್ಟಿಗೆಯ ಪಕ್ಕದಲ್ಲಿ ಬೋಧಕರ ಮೇಜು. ಮೇಜಿನ ಮೇಲೆ ಹಾಸಿದ ನಕ್ಷೆ. ನಕ್ಷೆಯ ಮೇಲೆ ಮೂರು ಗಾಲಿಗಳ ಒಂದು ಪುಟ್ಟ ಸಾಧನ. ಅದನ್ನು ಏಡಿ ಎಂದೇ ಕರೆಯುತ್ತಿದ್ದರು. ಶಿಕ್ಷಾರ್ಥಿ ಯಾವ ದಿಕ್ಕಿಗೆ ಎಷ್ಟು ವೇಗದಲ್ಲಿ 'ಹಾರಿದರೆ' ಏಡಿಯೂ ಆ ದಿಕ್ಕಿಗೇ ತೆವಳುತ್ತಾ ಶಾಯಿಯ ಗೆರೆ ಎಳೆಯುತ್ತಿತ್ತು. ಮುಚ್ಚಳದೊಳಗಿನ ಕತ್ತಲಲ್ಲಿ ಕುಳಿತವನಿಗೆ ತಾನು ಎಲ್ಲಿದ್ದೇನೆಂದು ತಿಳಿಯದಿದ್ದರೂ, ಹೊರಗೆ ಅವನ ಪ್ರತಿಯೊಂದು ತಪ್ಪೂ ರೋಜು ಕೀರ್ದಿಯಲ್ಲಿ ದಾಖಲಾದಂತೆ ಕಾಗದದ ಮೇಲೆ ಇಳಿಯುತ್ತಿತ್ತು. ಅಳಿಸಿ ತಿದ್ದುವ ಅವಕಾಶವಿರಲಿಲ್ಲ.

ಮೊದಲ ಪಾಠಗಳ ಗೆರೆಗಳು ಹಾವು ಹರಿದಂತೆ. ಶಿಕ್ಷಾರ್ಥಿ ವಾಲಿಕೆಯನ್ನು ಗಮನಿಸುವಷ್ಟರಲ್ಲಿ ಎತ್ತರ ಕಳೆದುಕೊಳ್ಳುತ್ತಾನೆ. ಎತ್ತರವನ್ನು ಸರಿಪಡಿಸಲು ಹೋಗಿ ವೇಗ ಕಳೆದುಕೊಳ್ಳುತ್ತಾನೆ. ವೇಗ ತೀರಾ ಕುಗ್ಗಿದರೆ ಪೆಟ್ಟಿಗೆ ಗಿರಗಿರನೆ ಸುತ್ತತೊಡಗುತ್ತದೆ. ಬೆವತು ಹೊರಬಂದವನಿಗೆ ಬೋಧಕರು ಕಾಗದ ತೋರಿಸುತ್ತಾರೆ. ಕೆಲವು ಪಾಠಗಳ ನಂತರ ಒಂದೇ ಮಾಪಕವನ್ನು ದಿಟ್ಟಿಸುವುದನ್ನು ಬಿಟ್ಟು ಎಲ್ಲದರ ಮೇಲೂ ಕಣ್ಣಾಡಿಸುವುದು ರೂಢಿಯಾಗುತ್ತದೆ. ಆಗ ರೇಡಿಯೊ ಪಥದ ಪಾಠ. ಆ ಕಾಲದ ರೇಡಿಯೊ ಮಾರ್ಗದಲ್ಲಿ ಒಂದು ಬದಿಗೆ ಸರಿದರೆ ಕಿವಿಯಲ್ಲಿ ಮೋರ್ಸ್ ಸಂಕೇತದ 'ಎ' ಅಕ್ಷರ, ಇನ್ನೊಂದು ಬದಿಗೆ ಸರಿದರೆ 'ಎನ್' ಅಕ್ಷರ ಕೇಳುತ್ತಿತ್ತು. ಸರಿಯಾದ ಪಥದಲ್ಲಿದ್ದರೆ ಎರಡೂ ಬೆಸೆದು ಒಂದೇ ಅಖಂಡ ನಾದವಾಗುತ್ತಿತ್ತು. ಬೋಧಕರು ಮೇಜಿನಿಂದಲೇ ಈ ನಾದಗಳನ್ನು ಶಿಕ್ಷಾರ್ಥಿಯ ಕಿವಿಗೆ ಕಳುಹಿಸುತ್ತಿದ್ದರು. ವಾದ್ಯದ ಕಾರ್ಖಾನೆಯಲ್ಲಿ ಹುಟ್ಟಿದ ಯಂತ್ರದಲ್ಲಿ ಶಿಕ್ಷಾರ್ಥಿ ಶ್ರುತಿ ಹಿಡಿದು ದಾರಿ ಕಾಣುತ್ತಿದ್ದನೆಂದರೆ ತಪ್ಪಾಗದು. ತಿಂಗಳು ಕಳೆಯುವಷ್ಟರಲ್ಲಿ ಏಡಿ ಎಳೆದ ಗೆರೆ ನೇರವಾಗುತ್ತಿತ್ತು.

ಎರಡನೆಯ ಮಹಾಯುದ್ಧ ಬೇಡಿಕೆಯನ್ನು ಊಹೆಗೂ ಮೀರಿ ಬೆಳೆಸಿತು. ನೀಲಿ ಬಣ್ಣದ, ಹಳದಿ ರೆಕ್ಕೆಗಳ ಈ ಪೆಟ್ಟಿಗೆಗಳು 10,000ಕ್ಕೂ ಹೆಚ್ಚು ತಯಾರಾದವು. ಐದು ಲಕ್ಷಕ್ಕೂ ಹೆಚ್ಚು ವೈಮಾನಿಕರು ಅವುಗಳಲ್ಲಿ ಕುಳಿತು ಕಲಿತರು. ಅಮೆರಿಕದ ನೌಕಾಪಡೆಯಲ್ಲಿ ಬೋಧಕರ ಮೇಜಿನ ಹಿಂದೆ ಕುಳಿತವರಲ್ಲಿ ಮಹಿಳೆಯರೂ ಅನೇಕರಿದ್ದರು. ಯುದ್ಧಕ್ಕೆ ಮುನ್ನವೇ, 1935ರಲ್ಲಿ, ಜಪಾನಿನ ನೌಕಾಪಡೆಯೂ ಈ ಯಂತ್ರಗಳನ್ನು ಖರೀದಿಸಿತ್ತೆಂಬುದು ರಫ್ತು ವ್ಯಾಪಾರದ ಒಂದು ವಿಚಿತ್ರ ಪುಟ.

ಹೊಲಿಗೆ ಯಂತ್ರದವರ ಕೈಯಿಂದ ಬೆಂಗಳೂರಿಗೆ

ಮುಂದಿನ ಮಾಲೀಕತ್ವದ ಇತಿಹಾಸ ಬಹು ಕವಲುಗಳದು. ಲಿಂಕ್ ಕಂಪನಿ 1954ರಲ್ಲಿ ಜನರಲ್ ಪ್ರಿಸಿಷನ್ ಸಂಸ್ಥೆಯಲ್ಲಿ ವಿಲೀನವಾಯಿತು. ಅದನ್ನು 1968ರಲ್ಲಿ ಕೊಂಡವರು, ದರ್ಜಿಗಳ ಅಂಗಡಿಗಳಲ್ಲಿ ಮನೆಮಾತಾಗಿದ್ದ ಹೊಲಿಗೆ ಯಂತ್ರದ ಸಿಂಗರ್ ಕಂಪನಿಯವರು. 1988ರಲ್ಲಿ ಕೆನಡಾದ ಸಿಎಇ ಸಂಸ್ಥೆ ಸಿಂಗರ್‌ನಿಂದ ಲಿಂಕ್ ವಿಭಾಗಗಳನ್ನು ಖರೀದಿಸಿತು. ಸೈನಿಕ ವಿಭಾಗವನ್ನು ಕೆಲವು ವರ್ಷಗಳಲ್ಲಿ ಮಾರಿ, 2021ರಲ್ಲಿ ಎಲ್3ಹ್ಯಾರಿಸ್ ಕಂಪನಿಯ ಸೈನಿಕ ತರಬೇತಿ ವ್ಯವಹಾರದೊಂದಿಗೆ ಮತ್ತೆ ಪಡೆಯಿತು. ಕರ್ನಾಟಕದ ಸಂಬಂಧ ಬರುವುದು ಈ ಸಿಎಇ ಮೂಲಕ. ಹಿಂದುಸ್ತಾನ್ ಏರೋನಾಟಿಕ್ಸ್ ಮತ್ತು ಸಿಎಇ ಸಮಪಾಲಿನಲ್ಲಿ ಸ್ಥಾಪಿಸಿದ ಹೆಲಿಕಾಪ್ಟರ್ ತರಬೇತಿ ಸಂಸ್ಥೆ 'ಹ್ಯಾಟ್ಸಾಫ್' 2010ರಲ್ಲಿ ಬೆಂಗಳೂರಿನಲ್ಲಿ ಕೆಲಸ ಆರಂಭಿಸಿತು. ಇಂಡಿಗೊ ವಿಮಾನಗಳ ಪ್ರವರ್ತಕ ಸಮೂಹವಾದ ಇಂಟರ್‌ಗ್ಲೋಬ್‌ನೊಂದಿಗೆ ಸಿಎಇ ನಡೆಸುವ ಜಂಟಿ ಸಂಸ್ಥೆಯ ಸಿಮ್ಯುಲೇಟರ್ ಕೇಂದ್ರವೂ ಬೆಂಗಳೂರಿನಲ್ಲಿದೆ.

ಇಂದಿನ ಯಂತ್ರಕ್ಕೆ ತಿದಿಗಳಿಲ್ಲ. ಕಾಕ್‌ಪಿಟ್‌ನ ತದ್ರೂಪು ಕೋಣೆಯೊಂದು ಆರು ಕಾಲುಗಳ ಮೇಲೆ ನಿಂತಿರುತ್ತದೆ. ಕಾಲುಗಳು ನೀಳವಾಗಿ ಕುಗ್ಗಿ ಕೋಣೆಯನ್ನು ಆರು ಬಗೆಯಲ್ಲಿ ಚಲಿಸುವಂತೆ ಮಾಡುತ್ತವೆ. ಆ ಒಳಗಿವಿಯ ಸುಳ್ಳೇ ಇಲ್ಲಿ ಬಂಡವಾಳ. ವಿಮಾನ ವೇಗ ಹೆಚ್ಚಿಸಿದ ಭಾವನೆ ಬರಿಸಲು ಕೋಣೆಯನ್ನು ಗೊತ್ತಾಗದಷ್ಟು ನಿಧಾನವಾಗಿ ಹಿಂದಕ್ಕೆ ವಾಲಿಸುತ್ತಾರೆ. ಬೆನ್ನು ಆಸನಕ್ಕೆ ಒತ್ತಿದೊಡನೆ ದೇಹ ಅದನ್ನು ವೇಗವೆಂದೇ ನಂಬುತ್ತದೆ. ಗುಣಮಟ್ಟದಲ್ಲಿ 'ಲೆವೆಲ್ ಡಿ' ಅತ್ಯುನ್ನತ ಶ್ರೇಣಿ. 1980ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ರೂಪಿಸಿದ ಯೋಜನೆಯಿಂದ ಆರಂಭಿಸಿ, ಅನುಭವಿ ಪೈಲಟ್‌ಗಳು ಹೊಸ ಮಾದರಿಯ ವಿಮಾನವನ್ನು ಸಂಪೂರ್ಣವಾಗಿ ಇಂತಹ ಯಂತ್ರದಲ್ಲಿಯೇ ಕಲಿತು ಮುಗಿಸಲು ಅವಕಾಶವಾಗಿದೆ. ಖಾಲಿ ವಿಮಾನವನ್ನು ಇಂಧನ ಸುಟ್ಟು ಹಾರಿಸುತ್ತಾ ಅಭ್ಯಾಸ ಮಾಡಿಸುವ ವೆಚ್ಚ ಇದರಿಂದ ಉಳಿಯಿತು.

ಭಾರತದಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ ಕನಿಷ್ಠ 200 ಗಂಟೆಗಳ ಹಾರಾಟ ಬೇಕು. ಅದನ್ನು ಬಹುತೇಕ ಸಣ್ಣ ವಿಮಾನಗಳಲ್ಲಿ ಮುಗಿಸಿದ ಯುವಕ ಅಥವಾ ಯುವತಿ ನೂರೆಂಬತ್ತು ಪ್ರಯಾಣಿಕರ ಜೆಟ್ ವಿಮಾನವನ್ನು ನಡೆಸಲು ಆ ಮಾದರಿಯ ಪ್ರತ್ಯೇಕ ಅರ್ಹತೆ, ಅಂದರೆ ಟೈಪ್ ರೇಟಿಂಗ್, ಪಡೆಯಬೇಕು. ಸಿಮ್ಯುಲೇಟರ್ ಕೆಲಸ ನಡೆಯುವುದು ಹೆಚ್ಚಾಗಿ ಈ ಹಂತದಲ್ಲಿ.

ಶಿಸ್ತಿನ ಶಿಕ್ಷಾರ್ಥಿಯ ಮೊದಲ ಸಿಮ್ಯುಲೇಟರ್‌ಗೆ ಬೆಲೆಯೇ ಇಲ್ಲವೆನ್ನಬಹುದು. ಕಾಕ್‌ಪಿಟ್‌ನ ದೊಡ್ಡ ಚಿತ್ರಗಳನ್ನು ಕೋಣೆಯ ಗೋಡೆಗೆ ಅಂಟಿಸಿ, ಎದುರಿಗೆ ಕುರ್ಚಿ ಹಾಕಿಕೊಂಡು, ಯಾವ ಗುಂಡಿ ಎಲ್ಲಿ, ಯಾವ ಕ್ರಮದಲ್ಲಿ ಎಂಬುದನ್ನು ಕೈಬೆರಳಿಗೆ ರೂಢಿ ಮಾಡಿಸುವುದು. ಈ ಕಾಗದದ ಕಾಕ್‌ಪಿಟ್‌ನಲ್ಲಿ ಬೆವರು ಸುರಿಸದವನು ಗಂಟೆಗೆ ಸಾವಿರಾರು ರೂಪಾಯಿ ಬಾಡಿಗೆಯ ಯಂತ್ರದೊಳಗೆ ಕುಳಿತು ಗುಂಡಿ ಹುಡುಕುತ್ತಾನೆ. ಅನಂತರ ಚಲಿಸದ ಸಾಧನದಲ್ಲಿ ಕ್ರಮಗಳ ಅಭ್ಯಾಸ. ಕೊನೆಗೆ ಆರು ಕಾಲಿನ ಯಂತ್ರ. ಸಾಮಾನ್ಯವಾಗಿ ಒಂದು ಅವಧಿ ನಾಲ್ಕು ಗಂಟೆ, ಇಬ್ಬರು ಶಿಕ್ಷಾರ್ಥಿಗಳು. ಒಬ್ಬರು ಚಾಲನೆ ಮಾಡುವಾಗ ಇನ್ನೊಬ್ಬರು ಮೇಲ್ವಿಚಾರಣೆ, ಅರ್ಧಕ್ಕೆ ಅದಲು ಬದಲು. ಯಂತ್ರದ ಬಂಡವಾಳ ಹತ್ತಾರು ಕೋಟಿ ರೂಪಾಯಿಗಳದ್ದಾದ್ದರಿಂದ ಅದನ್ನು ಸುಮ್ಮನೆ ನಿಲ್ಲಿಸುವಂತಿಲ್ಲ. ಹಗಲು ರಾತ್ರಿ ಪಾಳಿಗಳಲ್ಲಿ ನಡೆಯುತ್ತದೆ. ನಡುರಾತ್ರಿಯ ಎರಡು ಗಂಟೆಗೆ ಪಾಠ ಬಿದ್ದ ಶಿಕ್ಷಾರ್ಥಿ ನಿದ್ದೆಗಣ್ಣಿನಲ್ಲಿಯೇ ಬಿರುಗಾಳಿಗೆ ಎದೆಗೊಡಬೇಕಾಗುತ್ತದೆ.

ಮೊದಲ ಪಾಠಗಳಲ್ಲಿ ಕೈ ಅತಿಯಾಗಿ ದುಡಿಯುತ್ತದೆ. ಸಣ್ಣ ವಿಮಾನದ ರೂಢಿಯಿಂದ ಬಂದವನು ಪ್ರತಿ ಕುಲುಕಿಗೂ ತಿದ್ದಲು ಹೋಗಿ ತಾನೇ ಹೊಸ ಕುಲುಕನ್ನು ಸೃಷ್ಟಿಸುತ್ತಾನೆ. ಇದು ಬೇಗ ಸರಿಹೋಗುತ್ತದೆ. ನಿಜವಾದ ಕಂಟಕ ಬರುವುದು ವಿಮಾನ ನೆಲ ಬಿಡುವ ಕ್ಷಣದಲ್ಲಿ ಒಂದು ಎಂಜಿನ್ ಕೆಡುವ ಪಾಠದಲ್ಲಿ. ನಿಲ್ಲಿಸಲು ರನ್‌ವೇ ಉಳಿದಿಲ್ಲ, ಏರಲು ಅರ್ಧ ಬಲವಷ್ಟೇ ಉಳಿದಿದೆ. ವಿಮಾನದ ಮೂಗು ಕೆಟ್ಟ ಎಂಜಿನ್‌ನ ಕಡೆಗೆ ಜಗ್ಗುತ್ತದೆ. ಎದುರು ಬದಿಯ ಪೆಡಲ್‌ನ್ನು ಅಳತೆಯರಿತು ಒತ್ತಿ ನೇರ ಹಿಡಿಯಬೇಕು. ಮೊದಲ ಯತ್ನದಲ್ಲಿ ಬಹುಪಾಲು ಜನ ತಡವಾಗಿ ಒತ್ತುತ್ತಾರೆ, ಅನಂತರ ಹೆಚ್ಚಾಗಿ ಒತ್ತುತ್ತಾರೆ. ಬೋಧಕರು ಯಂತ್ರವನ್ನು ಸ್ತಬ್ಧಗೊಳಿಸಿ ಮತ್ತೆ ರನ್‌ವೇ ತುದಿಗೆ ತಂದಿಡುತ್ತಾರೆ. ಮತ್ತೊಮ್ಮೆ. ಇನ್ನೂ ಒಮ್ಮೆ. ಸಾಲದಲ್ಲಿ ಕಲಿಯಲು ಬಂದವನಿಗೆ ಇಂತಹ ಪ್ರತಿಯೊಂದು ಪುನರಾವರ್ತನೆಯೂ ಗಡಿಯಾರದ ಮುಳ್ಳಿನಂತೆ ಚುಚ್ಚುವುದುಂಟು.

ಕಾಲು ಪಳಗಿದ ಮೇಲೆ ಪಳಗಬೇಕಾದುದು ಆತುರ. ಎಂಜಿನ್ ಕೆಟ್ಟ ಕೂಡಲೇ ಏನಾದರೂ ಮಾಡಬೇಕೆಂದು ಕೈ ತುಡಿಯುತ್ತದೆ. ಸುಮಾರು 400 ಅಡಿ ಎತ್ತರ ತಲುಪುವವರೆಗೆ ವಿಮಾನವನ್ನು ನೇರವಾಗಿ ಏರಿಸುವುದರ ಹೊರತು ಬೇರೆ ಚಿಕಿತ್ಸೆಗೆ ತೊಡಗಬಾರದೆಂಬುದು ಅನೇಕ ವಿಮಾನ ಸಂಸ್ಥೆಗಳ ನಿಯಮ. ಅನಂತರವೂ ಒಬ್ಬರು ಯಾವ ಎಂಜಿನ್ ಕೆಟ್ಟಿದೆಯೆಂದು ಹೇಳಿ ಅದರ ಲಿವರ್ ಮೇಲೆ ಕೈಯಿಡಬೇಕು. ಇನ್ನೊಬ್ಬರು ನೋಡಿ ಹೌದೆಂದ ಮೇಲೆಯೇ ಹಿಂದಕ್ಕೆ ಎಳೆಯಬೇಕು. ಎರಡು ಸಹಿಯಿಲ್ಲದೆ ಚೆಕ್ ಚಲಾವಣೆಯಾಗಬಾರದೆಂಬ ಪದ್ಧತಿಯಂತೆಯೇ ಇದು. ನೋಡುವವರಿಗೆ ಶುದ್ಧ ಔಪಚಾರಿಕತೆಯೆನಿಸುತ್ತದೆ. ಪಾಠಗಳ ನಡುಭಾಗದಲ್ಲಿ ಅನೇಕ ಶಿಕ್ಷಾರ್ಥಿಗಳು ಹಿಂದಕ್ಕೆ ಸರಿದಂತೆ ಕಾಣುವುದೂ ಇಂತಹ ವಿಷಯಗಳಲ್ಲಿಯೇ. ಹಿಂದಿನ ವಾರ ಸರಿಯಾಗಿ ಮಾಡಿದುದನ್ನು ಈ ವಾರ ಕೆಡಿಸುತ್ತಾರೆ, ಏಕೆಂದರೆ ಈಗ ಹವಾಮಾನ, ರೇಡಿಯೊ, ಇಂಧನ ಎಲ್ಲವೂ ಒಟ್ಟಿಗೆ ತಲೆಯ ಮೇಲೆ ಬಿದ್ದಿರುತ್ತವೆ. ಅವಧಿ ಮುಗಿದ ಮೇಲೆ ಬೋಧಕರು ಬರೆಯುವ ಟಿಪ್ಪಣಿಯೇ ಇಂದಿನ ಏಡಿಯ ಗೆರೆ.

ಓದದೆ ಉಳಿದ ಟಿಪ್ಪಣಿ

ಆ ಟಿಪ್ಪಣಿಗೆ ಎಷ್ಟು ಬೆಲೆಯಿದೆಯೆಂಬುದನ್ನು ತೈವಾನ್‌ನ ಟ್ರಾನ್ಸ್‌ಏಷ್ಯಾ ವಿಮಾನ ಸಂಸ್ಥೆಯ ಪ್ರಕರಣ ತೋರಿಸುತ್ತದೆ. 2015ರ ಫೆಬ್ರವರಿ 4ರಂದು ಆ ಸಂಸ್ಥೆಯ ಎಟಿಆರ್ 72 ವಿಮಾನ 58 ಜನರೊಂದಿಗೆ ತೈಪೆಯಿಂದ ಮೇಲೇರಿದ ಒಂದು ನಿಮಿಷದೊಳಗೇ ಬಲಗಡೆಯ ಎಂಜಿನ್ ಶಕ್ತಿ ಕಳೆದುಕೊಂಡಿತು. ಈ ವಿಮಾನ ಒಂದೇ ಎಂಜಿನ್‌ನಲ್ಲಿಯೂ ಏರಬಲ್ಲುದು. ಆದರೆ ಕ್ಯಾಪ್ಟನ್ ಗಡಿಬಿಡಿಯಲ್ಲಿ ಚೆನ್ನಾಗಿದ್ದ ಎಡ ಎಂಜಿನ್‌ನ ಲಿವರನ್ನು ಹಿಂದಕ್ಕೆಳೆದರು; ಮುಂದೆ ಅದನ್ನು ಆರಿಸಿಯೂ ಬಿಟ್ಟರು. ತಪ್ಪು ಅರಿವಾಗುವಷ್ಟರಲ್ಲಿ ಸಮಯ ಮೀರಿತ್ತು. ವಿಮಾನ ಮೇಲ್ಸೇತುವೆಗೆ ರೆಕ್ಕೆ ತಗುಲಿಸಿ ಕೀಲುಂಗ್ ನದಿಗೆ ಬಿದ್ದಿತು. 43 ಮಂದಿ ಮಡಿದರು.

2016ರ ತನಿಖಾ ವರದಿಯಲ್ಲಿ ಲೆಕ್ಕಪರಿಶೋಧಕರ ನಿದ್ದೆಗೆಡಿಸುವಂತಹ ಸಂಗತಿಯೊಂದಿದೆ. ಆ ಕ್ಯಾಪ್ಟನ್ 2014ರ ಮೇ ತಿಂಗಳಲ್ಲಿ ಬಡ್ತಿಗಾಗಿ ನಡೆದ ಸಿಮ್ಯುಲೇಟರ್ ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿದ್ದರು. ಮುಂದಿನ ತಿಂಗಳು ಮರುಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬಡ್ತಿ ಪಡೆದರು. ಒತ್ತಡದಲ್ಲಿ ಅಧೀರರಾಗುತ್ತಾರೆ, ಮೇಲೇರುವಾಗ ಎಂಜಿನ್ ಕೆಡುವ ಪ್ರಸಂಗದಲ್ಲಿ ತಡವರಿಸುತ್ತಾರೆ ಎಂಬರ್ಥದ ಬೋಧಕರ ಟಿಪ್ಪಣಿಗಳು ಕಡತದಲ್ಲಿಯೇ ಇದ್ದವು. ಯಾವ ತಪ್ಪು ನದಿಯ ಮೇಲೆ ನಡೆಯಿತೋ ಅದೇ ತಪ್ಪಿನ ಸುಳಿವು ಒಂಬತ್ತು ತಿಂಗಳ ಮೊದಲೇ ನೆಲದ ಮೇಲೆ ಯಾವ ಹಾನಿಯೂ ಇಲ್ಲದೆ ದೊರೆತಿತ್ತು. ಯಂತ್ರ ತನ್ನ ಕೆಲಸ ಮಾಡಿತ್ತು, ಬೋಧಕರು ತಮ್ಮ ಕೆಲಸ ಮಾಡಿದ್ದರು. ಆಕ್ಷೇಪಣೆಯನ್ನು ಮುಂದಿನ ಪುಟಕ್ಕೆ ಎಳೆದು ತರುವ ಕೆಲಸ ಮಾತ್ರ ಆಗಲಿಲ್ಲ. ತೇರ್ಗಡೆ ಎಂಬ ಒಂದು ಪದ ಹಿಂದಿನ ಎಲ್ಲ ಟಿಪ್ಪಣಿಗಳನ್ನೂ ಮುಚ್ಚಿಬಿಟ್ಟಿತು. ಸಂಸ್ಥೆ 2016ರ ನವೆಂಬರ್‌ನಲ್ಲಿ ವ್ಯವಹಾರವನ್ನೇ ನಿಲ್ಲಿಸಿತು.

ಸಿಮ್ಯುಲೇಟರ್ ಗಂಟೆಗಳನ್ನು ಉಳಿತಾಯದ ಬಾಬ್ತಾಗಿ ಕಂಡ ಇನ್ನೊಂದು ಪ್ರಸಂಗ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಬೋಯಿಂಗ್ ತನ್ನ 737 ಮ್ಯಾಕ್ಸ್ ವಿಮಾನವನ್ನು ಮಾರುವಾಗ ಹಳೆಯ 737ರ ಪೈಲಟ್‌ಗಳಿಗೆ ಸಿಮ್ಯುಲೇಟರ್ ತರಬೇತಿ ಬೇಕಾಗದೆಂಬುದನ್ನು ಒಂದು ಆಕರ್ಷಣೆಯಾಗಿ ಮುಂದಿಟ್ಟಿತ್ತು. ಅಂತಹ ತರಬೇತಿ ಅಗತ್ಯವಾದರೆ ವಿಮಾನವೊಂದಕ್ಕೆ ಹತ್ತು ಲಕ್ಷ ಡಾಲರ್ ರಿಯಾಯಿತಿ ನೀಡುವುದಾಗಿ ಅಮೆರಿಕದ ಸೌತ್‌ವೆಸ್ಟ್ ಸಂಸ್ಥೆಗೆ ಕರಾರಿನಲ್ಲಿಯೇ ಬರೆದುಕೊಟ್ಟಿತ್ತು. 2018ರ ಅಕ್ಟೋಬರ್ ಮತ್ತು 2019ರ ಮಾರ್ಚ್‌ನ ಎರಡು ಅಪಘಾತಗಳಲ್ಲಿ 346 ಜನ ಪ್ರಾಣ ಕಳೆದುಕೊಂಡ ನಂತರ, 2020ರ ಜನವರಿಯಲ್ಲಿ ಸಿಮ್ಯುಲೇಟರ್ ತರಬೇತಿಯನ್ನು ಶಿಫಾರಸು ಮಾಡಿದವರೂ ಬೋಯಿಂಗ್‌ನವರೇ. 2021ರ ಜನವರಿಯಲ್ಲಿ ಅಮೆರಿಕದ ನ್ಯಾಯ ಇಲಾಖೆಯೊಂದಿಗಿನ ಒಪ್ಪಂದದಲ್ಲಿ ಕಂಪನಿ ಒಪ್ಪಿಕೊಂಡ ಮೊತ್ತ 250 ಕೋಟಿ ಡಾಲರ್‌ಗೂ ಹೆಚ್ಚು. ವಿಮಾನದ ವಿನ್ಯಾಸದ ದೋಷವೇ ಮೂಲವೆಂಬುದು ನಿಜ. ಆದರೆ ಪೈಲಟ್‌ಗೆ ಹೊಸ ವ್ಯವಸ್ಥೆಯೊಂದಿದೆ ಎಂಬುದು ನೆಲದ ಮೇಲಿನ ಪೆಟ್ಟಿಗೆಯಲ್ಲಾದರೂ ತಿಳಿಯುವ ದಾರಿಯನ್ನು ಮುಚ್ಚಿದುದು ಒಂದು ವಾಣಿಜ್ಯ ನಿರ್ಧಾರ.

ಪೋಷಕರ ಲೆಕ್ಕ

ಮಕ್ಕಳನ್ನು ಈ ವೃತ್ತಿಗೆ ಕಳುಹಿಸುವ ವರ್ತಕ ಕುಟುಂಬಗಳು ಕೆಲವು ಬಾಬ್ತುಗಳನ್ನು ಗಮನಿಸಬೇಕು. ವಿಮಾನಯಾನ ಮಹಾನಿರ್ದೇಶನಾಲಯದಿಂದ ಮಾನ್ಯತೆ ಪಡೆದ ಹಾರಾಟ ತರಬೇತಿ ಸಂಸ್ಥೆಗಳು ನಡೆಸುವ ಅನುಮೋದಿತ ಕೋರ್ಸುಗಳಿಗೆ ಜಿಎಸ್‌ಟಿ ಇಲ್ಲವೆಂದು 2024ರ ಸೆಪ್ಟೆಂಬರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ 54ನೆಯ ಸಭೆ ಸ್ಪಷ್ಟೀಕರಣಕ್ಕೆ ಶಿಫಾರಸು ಮಾಡಿತು. ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಟಿತು. ಬೇರೆ ಕೇಂದ್ರದಲ್ಲಿ ಪಡೆಯುವ ಟೈಪ್ ರೇಟಿಂಗ್‌ಗೂ ಇದು ತಾನಾಗಿ ಅನ್ವಯಿಸುತ್ತದೆಂದು ಊಹಿಸದೆ ಇನ್‌ವಾಯ್ಸ್ ನೋಡಿ ಕೇಳಬೇಕು. ಶಿಕ್ಷಣ ಸಾಲದ ಬಡ್ಡಿಯನ್ನು ಆದಾಯದಿಂದ ಎಂಟು ವರ್ಷಗಳವರೆಗೆ ಕಳೆಯುವ ಸೌಲಭ್ಯ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗಷ್ಟೇ ಉಂಟು.

ತರಬೇತಿ ಕರಾರಿಗೆ ಸಹಿ ಹಾಕುವ ಮುನ್ನ ಓದಲೇಬೇಕಾದ ಕಲಮು ಇನ್ನೊಂದಿದೆ. ನಿಗದಿತ ಅವಧಿಗಳಲ್ಲಿ ಶಿಕ್ಷಾರ್ಥಿಯ ಪ್ರಗತಿ ಸಾಲದಾದರೆ ನೀಡುವ ಹೆಚ್ಚುವರಿ ಸಿಮ್ಯುಲೇಟರ್ ಅವಧಿಯ ಶುಲ್ಕ ಯಾರದು, ಎಷ್ಟು ಅವಧಿಯವರೆಗೆ ಎಂಬುದು ಅಲ್ಲಿರುತ್ತದೆ. ಒಂದೆರಡು ಹೆಚ್ಚುವರಿ ಪಾಠಗಳಿಗೆ ಮೊದಲೇ ಹಣ ತೆಗೆದಿಟ್ಟ ಕುಟುಂಬದ ಹುಡುಗ, ಅಥವಾ ಹುಡುಗಿ, ಎಂಜಿನ್ ಕೆಡುವ ಪಾಠ ಇನ್ನೊಮ್ಮೆ ಬೇಕೆಂದು ಬೋಧಕರನ್ನು ತಾನಾಗಿಯೇ ಕೇಳಲು ಹಿಂಜರಿಯುವುದಿಲ್ಲ.